ಬೀದಿ ದಾಟಿ ಹೆತ್ತವಳು

...ನಗ್ತೀಯಾ? ನಗು, ನಗು. ನೀರು ಹಾಕೋ ಡಬ್ಬಕ್ಕೂ ಬೀಗ ಅಂದ್ರೆ ಯಾರಿಗಾದ್ರೂ ನಗು ಬರುತ್ತೆ. ಇದು ಕೋಪನ್‌ಹೇಗನ್ ಚಿಕ್ಕಜ್ಜಿ, ನಿಮ್ಮ ಜಟ್ಲೆಂಡ್ ಅಲ್ಲ. ಇಲ್ಲಿ ಸೈಕಲ್‌ಗೆ ಎರಡು ಬೀಗ, ಸ್ಮಶಾನದ ನೀರಿನ ಡಬ್ಬಕ್ಕೆ ಒಂದು. ಸತ್ತೋರು ಎದ್ದು ಹೋಗಲ್ಲ ಅಂತ ಗ್ಯಾರಂಟಿ ಇದೆ, ಡಬ್ಬ ಎದ್ದು ಹೋಗಲ್ಲ ಅಂತ ಇಲ್ಲ!

ಆ ಕುಂಡ ಇಲ್ಲಿ ಕೊಡು, ನಾನು ಹಿಡ್ಕೋತೀನಿ. ಕೊಡಲ್ವಾ? ಸರಿ, ನೀನೇ ಇಟ್ಕೋ. ಆಲ್‌ಬೋರ್‌ನಿಂದ ನಾಲ್ಕೂವರೆ ಗಂಟೆ ರೈಲಲ್ಲಿ ಮಗು ತರ ತೊಡೆ ಮೇಲೆ ಕೂರಿಸ್ಕೊಂಡು ಬಂದಿದ್ದೀಯ. ಪಕ್ಕದ ಸೀಟಿನೋನು ಎಷ್ಟು ತಿಂಗಳು ಅಂತ ಕೇಳ್ಲಿಲ್ವಾ?... ಅಯ್ಯೋ, ಹೊಡೀಬೇಡ! ಹೊಸ ಸೊಂಟ ಹಾಕಿಸ್ಕೊಂಡಿದ್ದೀಯ, ಅದು ಮುರಿದು ಹೋದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?

ಬಾ, ಈ ಬೆಂಚ್ ಮೇಲೆ ಸ್ವಲ್ಪ ಕೂತ್ಕೋ. ಗೊತ್ತು, ಗೊತ್ತು. ಅಕ್ಕನ್ನ ನೋಡಕ್ಕೆ ಬಂದಿರೋದು, ಬೆಂಚನ್ನಲ್ಲ. ರಿಗ್ಮೋರ್ ಅಜ್ಜಿ ಎಂಟು ತಿಂಗಳು ಕಾದಿದಾಳೆ, ಇನ್ನು ಹತ್ತು ನಿಮಿಷ ಕಾಯ್ತಾಳೆ. ಬದುಕಿದ್ದಾಗ ನಾನು ಸ್ನಾನ ಮುಗಿಸೋಕೆ ಇದಕ್ಕಿಂತ ಜಾಸ್ತಿ ಕಾಯ್ತಿದ್ಲು. ಅಡುಗೆಮನೇಲೇ ಅಲ್ವಾ ಅವಳ ಸ್ನಾನದ ಗೂಡು? ಒಂದು ಕಡೆ ನಾನು ಬೆತ್ತಲೆ ನಿಂತು ಸೋಪು ಹಚ್ಕೋತಿದ್ದೆ, ಇನ್ನೊಂದು ಕಡೆ ಅವಳು ಆಲೂಗಡ್ಡೆ ಬೇಯಿಸ್ತಿದ್ಲು. "ಅಸ್ಗೆರ್, ಬೇಗ ಬಾ, ಯಾವುದು ಬೆಂದಿದೆ ಯಾವುದು ಬೆಂದಿಲ್ಲ ಗೊತ್ತಾಗ್ತಿಲ್ಲ" ಅನ್ನೋಳು.

ಆ ಕಾಗದ ಯಾಕೆ ತೆಗೆದೆ ಮತ್ತೆ? ಟ್ಯಾಕ್ಸೀಲೂ ಮೂರು ಸಲ ತೆಗೆದೆ. ನೋಡಿದೀನಿ, ಅಕ್ಕನ ಪಕ್ಕದ ಜಾಗಕ್ಕೆ ಅರ್ಜಿ. ನಿನ್ನ ಹೆಸರು, ಹುಟ್ಟಿದ ದಿನ, ಸಹಿ, ಎಲ್ಲಾ ತುಂಬಿಸ್ಕೊಂಡೇ ಬಂದಿದ್ದೀಯ. ಜಾಗದ ನಂಬರ್ ಒಂದು ಖಾಲಿ. ಅದನ್ನ ನಾನು ಹೇಳ್ಬೇಕು... ಹೇಳ್ತೀನಿ. ಆಫೀಸು ಮೂರು ಗಂಟೆವರೆಗೂ ತೆಗೆದಿರುತ್ತೆ. ಈಗಿನ್ನೂ ಒಂದೂವರೆ. ಮೊದ್ಲು ಕಾಫಿ ಕುಡಿ. ಬ್ರೆಡ್ಡೂ ತಂದಿದೀನಿ, ಕಪ್ಪು ಬ್ರೆಡ್ಡು, ಅರೆದ ಲಿವರ್ ಹಚ್ಚಿರೋದು, ಮೇಲೆ ಬೀಟ್‌ರೂಟ್. ಅವಳು ಮಾಡ್ತಿದ್ದ ಹಾಗೇ. ಬೀಟ್‌ರೂಟ್ ರಸ ಕೆಳಗಿಳಿದು ಬ್ರೆಡ್ಡು ರಕ್ತ ಬಂದ ಹಾಗೆ ಆಗಿರ್ಬೇಕು, ಇಲ್ಲಾಂದ್ರೆ ಅವಳು ಮುಟ್ತಿರ್ಲಿಲ್ಲ.

ಅಲ್ನೋಡು, ತೋಟದೋರು ಗೋರಿಗಳಿಗೆ ಫರ್ ಮರದ ಕೊಂಬೆ ಹೊದಿಸ್ತಿದಾರೆ. ನವೆಂಬರ್ ಬಂತಲ್ಲ. ಚಳಿಗಾಲಕ್ಕೆ ಸತ್ತೋರಿಗೂ ಕಂಬಳಿ. ನೋಡು ಹೇಗೆ ಮಂಡಿಯೂರಿ ಒಂದೊಂದೇ ಕಡ್ಡಿ ಜೋಡಿಸ್ತಾರೆ. ನನ್ನ ಅಪ್ಪ ನಂಗೆ ಇಷ್ಟು ಚೆನ್ನಾಗಿ ಹೊದಿಸಿದ್ದೇ ಇಲ್ಲ!... ಅಪ್ಪನಾ? ಸ್ಪೇನ್‌ನಲ್ಲೇ ಇದಾನೆ. ಹೊಸ ಹೆಂಡ್ತಿ, ಹಳೇ ಗಾಲ್ಫು. ಅವ್ನ ಅಮ್ಮ ಸತ್ತಾಗ ಒಂದು ದಿನಕ್ಕೆ ಬಂದ, ಚರ್ಚಲ್ಲಿ ಮುಂದಿನ ಸಾಲಲ್ಲಿ ಕೂತು ಅತ್ತ, ಸಂಜೆ ವಿಮಾನ ಹತ್ತಿದ. "ಮಿಕ್ಕಿದ್ದು ನೀನು ನೋಡ್ಕೋ ಅಸ್ಗೆರ್, ನಿಂಗೆ ಹೇಗೂ ಕಾಲೇಜಿಲ್ಲ" ಅಂದ. ಹೇಗೂ ಕಾಲೇಜಿಲ್ಲ! ನಾನೂ ಸುಮ್ನೆ ಬಿಡ್ಲಿಲ್ಲಪ್ಪ. ಎಂಜಿನಿಯರಿಂಗು ಅರ್ಧ, ತತ್ವಶಾಸ್ತ್ರ ಕಾಲು, ಬೇಕರಿ ಕೆಲಸ ಎರಡು ವಾರ. ಎಲ್ಲಾ ಕೂಡಿಸಿದ್ರೆ ಒಬ್ಬ ಮನುಷ್ಯ ಆಗ್ಬೇಕಿತ್ತು, ಆಗ್ಲಿಲ್ಲ ಅಷ್ಟೆ.

ಅದಕ್ಕೇ ಅಲ್ವಾ ಅವಳ ಸೋಫಾ ಮೇಲೆ ಬಂದು ಬಿದ್ದಿದ್ದು. ಒಂದು ವಾರ ಅಂತ ಬಂದೆ, ಎರಡು ವರ್ಷ ಇದ್ದೆ. ಒಂದು ದಿನಾನೂ ಯಾಕೆ ಬಿಟ್ಟೆ, ಮುಂದೇನು ಅಂತ ಕೇಳ್ಲಿಲ್ಲ ಚಿಕ್ಕಜ್ಜಿ. ಹೋದ ವರ್ಷ ಇದೇ ಟೈಮಲ್ಲಿ, ಡಾಕ್ಟರು ಎಕ್ಸ್‌ರೇ ನೋಡಿ ತಲೆ ಕೆಳಗೆ ಹಾಕಿದ ದಿನ, ಮನೆಗೆ ಬಂದು ಕೋಟು ಬಿಚ್ಚದೇ ಕೂತು ಅಂದ್ಲು. "ಅಸ್ಗೆರ್, ನಿಂಗೆ ಆ ಕಂಪ್ಯೂಟರ್ ಕುಟ್ಟೋದು ಗೊತ್ತಲ್ಲ, ನಂಗೊಂದು ಕೆಲಸ ಮಾಡ್ಕೊಡು. ನಮ್ಮಪ್ಪ ಹುಟ್ಟಿದ್ದು ಯಾವ ಚರ್ಚಿನ ಲೆಕ್ಕಕ್ಕೆ ಅಂತ ಹುಡುಕು. ನನ್ನ ಅಲ್ಲಿಡು. ಬೋದಿಲ್ ಪಕ್ಕಕ್ಕೆ ಬರ್ತಾಳೆ."

ಹೂಂ, ನಿನ್ನ ಹೆಸರೂ ಹೇಳಿದ್ಲು. ಹೇಳ್ದೇ ಇರ್ತಾಳಾ? ಒಂದೇ ಮಂಚದಲ್ಲಿ ಮಲಗಿ ಬೆಳೆದೋರು ನೀವು. ನಿನ್ನ ಪಾದ ಕಪ್ಪೆ ತರ ತಣ್ಣಗಿರ್ತಿತ್ತಂತೆ. ಕತ್ತಲಲ್ಲಿ ಪಾದದಲ್ಲೇ ತಡಕಾಡಿ ಅವಳನ್ನ ಹುಡುಕಿ, ಮೊಣಕಾಲ ಸಂದಿಗೆ ತುರುಕಿ ಮಲಗ್ತಿದ್ದೆಯಂತೆ. "ನಂಗೆ ಎಚ್ಚರ ಆಗ್ತಿತ್ತು, ಆದ್ರೆ ತಳ್ತಿರ್ಲಿಲ್ಲ" ಅನ್ನೋಳು... ಅಳ್ಬೇಡ. ಕಾಫಿ ಕುಡಿ. ಕಾಫಿಗೆ ಉಪ್ಪಾಗುತ್ತೆ.

ನಿಮ್ಮಪ್ಪ ವಾಲ್ದೆಮಾರ್ ಆ ಗೆರೆ ಖಾಲಿ ಬಿಡ್ತಿದ್ನಂತಲ್ಲ? ಯಾವ ಅರ್ಜಿ ಬಂದ್ರೂ, ಹುಟ್ಟಿದ ಊರು ಕೋಪನ್‌ಹೇಗನ್ ಅಂತ ದಪ್ಪಕ್ಷರದಲ್ಲಿ ಬರೆಯೋದು, ಕೆಳಗೆ ಯಾವ ಚರ್ಚು ಅನ್ನೋ ಕಡೆ ಪೆನ್ನು ಎತ್ತಿಬಿಡೋದು. ಅವನಿಗೂ ಗೊತ್ತಿರ್ಲಿಲ್ಲ ಪಾಪ. ಮೂರು ವರ್ಷದ ಮಗೂನ ಕುತ್ತಿಗೆಗೆ ಚೀಟಿ ಕಟ್ಟಿ ಜಟ್ಲೆಂಡ್ ಹೊಲದ ಮನೆಗೆ ಸಾಕೋಕೆ ಕಳಿಸಿದ್ರೆ ಏನು ಗೊತ್ತಿರುತ್ತೆ? ಹದಿನಾಲ್ಕಕ್ಕೆ ಚರ್ಚಲ್ಲಿ ನಿಂತು ಪಾಠ ಒಪ್ಪಿಸ್ತಾರಲ್ಲ, ಆಗ ಪಾದ್ರಿ ಪುಸ್ತಕದಲ್ಲಿ ಬರೀಬೇಕಿತ್ತು, ಇಂಥಾ ಚರ್ಚಲ್ಲಿ ಈ ಹುಡುಗನಿಗೆ ನೀರು ಹಾಕಿ ಹೆಸರಿಟ್ರು ಅಂತ. ನಾನೇ ನೋಡ್ದೆ ಆ ಪುಟ. ಉಳಿದ ಹುಡುಗರಿಗೆಲ್ಲ ಹಳ್ಳಿ, ಚರ್ಚು, ತಾರೀಖು. ನಿಮ್ಮಪ್ಪನಿಗೆ "ಕೋಪನ್‌ಹೇಗನ್. ತಾಯಿ ಮನೆಗೆಲಸದ ಮಾಲ್ವಿನೆ ಬ್ರಾಸ್ಕ್, ಮದುವೆಯಾಗಿಲ್ಲ." ಮುಗೀತು! ಆ ಪಾದ್ರಿಗೆ ಅವತ್ತು ಊಟಕ್ಕೆ ಹೊತ್ತಾಗಿತ್ತೇನೋ. ಅವನ ಹಂದಿ ಹುರಿದದ್ದು ಆರಿ ಹೋಗ್ಬಾರ್ದು ಅಂತ ನಾನು ನೂರು ವರ್ಷ ಆದ್ಮೇಲೆ ಕಣ್ಣು ಕಳ್ಕೋಬೇಕು!

ಯಾಕಂದ್ರೆ ಕೋಪನ್‌ಹೇಗನ್ ಅಂದ್ರೆ ಒಂದು ಚರ್ಚಲ್ಲ ಚಿಕ್ಕಜ್ಜಿ. ಆಗಿನ ಕಾಲಕ್ಕೇ ಹತ್ತಿಪ್ಪತ್ತು. ಇಷ್ಟು ಬೀದಿ ಇವರಿಗೆ, ಅಷ್ಟು ಬೀದಿ ಅವರಿಗೆ ಅಂತ ಹಂಚಿಕೆ. ಜನ ಜಾಸ್ತಿ ಆದ ಹಾಗೆ ಬೀದಿ ಕತ್ತರಿಸಿ ಹೊಸ ಚರ್ಚಿಗೆ ಕೊಡೋರು. ಮನೆ ಅಲ್ಲೇ ಇರುತ್ತೆ, ಹೋದ ವರ್ಷ ಒಬ್ಬ ಪಾದ್ರೀದು, ಈ ವರ್ಷ ಇನ್ನೊಬ್ಬಂದು. ಮಗು ಹುಟ್ಟಿದ ತಿಂಗಳು ತಪ್ಪಿದ್ರೆ ಪುಸ್ತಕಾನೇ ಬೇರೆ. ನಾನು ಒಂದೊಂದಾಗಿ ಎಲ್ಲಾ ನೋಡ್ದೆ. ಸಾವಿರದ ಎಂಟುನೂರ ತೊಂಬತ್ತೆಂಟು, ಸೆಪ್ಟೆಂಬರ್. ಗಂಡು ಮಕ್ಕಳ ಪುಟ. ದಿನಕ್ಕೆ ಎಂಟು ಗಂಟೆ! ಕಾಲೇಜಲ್ಲಿ ಹೀಗೆ ಓದಿದ್ರೆ ಇವತ್ತು ಸೇತುವೆ ಕಟ್ತಿದ್ದೆ.

ಅಜ್ಜಿ ದಿನಾ ಸಂಜೆ ನಾಲ್ಕಕ್ಕೆ ಕಾಫಿ ಇಡ್ತಿದ್ಲು. ಅಡುಗೆಮನೆಯಿಂದ ತಲೆ ಹೊರಗೆ ಹಾಕಿ ಒಂದೇ ಮಾತು.

"ಸಿಕ್ತಾ?"

ಇಲ್ಲ ಅಜ್ಜಿ. "ಸರಿ" ಅಂತಿದ್ಲು. ಮಾರನೇ ದಿನ ಮತ್ತೆ. ಸಿಕ್ತಾ? ಇಲ್ಲ ಅಜ್ಜಿ. ಸರಿ. ಒಂದು ಸಲ, ಮುಖ ಸಣ್ಣ ಆಗ್ತಾ ಬಂತಲ್ಲ ಅಂತ ನೋಡೋಕಾಗ್ದೇ, ಸಿಕ್ತು ಅಂದ್ಬಿಟ್ಟೆ. ಪೂರ್ತಿ ಸುಳ್ಳಲ್ಲ! ಒಬ್ಬ ಮಾಲ್ವಿನೆ ಬ್ರಾಸ್ಕ್ ಸಿಕ್ಕಿದ್ಲು, ಬಂದರಿನ ಹತ್ರ ಸಾಸೇಜ್ ಮಾರ್ತಿದ್ದೋಳು. ಮೂರು ವಾರ ನಮ್ಮದು ಸಾಸೇಜ್ ವಂಶ! ಅಜ್ಜಿ ಎದುರು ಮನೆಯೋರಿಗೆಲ್ಲ ಹೇಳ್ಕೊಂಡು ಬಂದ್ಲು. ಆಮೇಲೆ ನೋಡಿದ್ರೆ ವಾಲ್ದೆಮಾರ್ ಹುಟ್ಟಿದಾಗ ಆ ಯಮ್ಮನಿಗೆ ಅರವತ್ನಾಲ್ಕು ವರ್ಷ. ಹೇಳ್ದಾಗ ಅಜ್ಜಿ, "ಆದ್ರೂ ಒಳ್ಳೆ ಸಾಸೇಜ್ ಮಾಡಿರ್ತಾಳೆ" ಅಂದ್ಲು.

ನಗು ಬಂತಾ? ನಂಗೂ ಬಂದಿತ್ತು.

...ಏನು? ನಂಬರಾ? ಹೇಳ್ತೀನಿ ಅಂದ್ನಲ್ಲ. ಎದ್ದೇಬಿಟ್ಯಾ? ಸರಿ ನಡಿ, ನಡ್ಕೊಂಡೇ ಹೇಳ್ತೀನಿ. ಕೈ ಹಿಡ್ಕೋ. ಈ ಕಡೆ... ಅಲ್ಲ, ಈ ಕಡೆಯಿಂದ ಹೋಗೋಣ, ದಾರಿ ಚೆನ್ನಾಗಿದೆ. ಬರ್ಚ್ ಮರಾನಾ? ಹೂಂ, ಫೋನಲ್ಲಿ ಹೇಳಿದ್ದೆ. ಬರ್ಚ್ ಮರದ ಕೆಳಗೆ. ಇದೆ, ಬರ್ಚ್ ಮರ ಇದೆ. ಸುಳ್ಳು ಹೇಳಲ್ಲ.

ನಿಜವಾದ ಮಾಲ್ವಿನೆ ಸಿಕ್ಕಿದ್ದು ಪೊಲೀಸರ ಹಾಳೇಲಿ. ಗಾಬರಿ ಆಗ್ಬೇಡ, ಕಳ್ತನ ಮಾಡಿರ್ಲಿಲ್ಲ. ಆಗ ಊರಲ್ಲಿರೋ ಪ್ರತಿಯೊಬ್ರಿಗೂ ಪೊಲೀಸರು ಒಂದು ಹಾಳೆ ಇಡ್ತಿದ್ರು, ಆರಾರು ತಿಂಗಳಿಗೆ ಯಾರು ಯಾವ ಮನೇಲಿದಾರೆ ಅಂತ. ಅವಳ ಹಾಳೆ ನೋಡ್ಬೇಕಿತ್ತು ನೀನು! ಆರು ವರ್ಷಕ್ಕೆ ಹನ್ನೊಂದು ಮನೆ. ಹಿಂದಿನ ಕಟ್ಟಡ, ನಾಲ್ಕನೇ ಮಹಡಿ, ಎಡಗಡೆ. ಮುಂದಿನ ಕಟ್ಟಡ, ನೆಲಮಾಳಿಗೆ. ಪಕ್ಕದ ಕಟ್ಟಡ, ಐದನೇ ಮಹಡಿ, ಬಲಗಡೆ. ಯಾರು, ಎಲ್ಲಿ, ಯಾವ ಬಾಗಿಲು, ಎಲ್ಲಾ ಗೊತ್ತು. ಬರೀ ಒಂದು ಸಾಲು ಇಲ್ಲ. ತೊಂಬತ್ತೆಂಟರ ಮೇ ತಿಂಗಳಲ್ಲಿ ಇದಾಳೆ. ನವೆಂಬರಲ್ಲಿ ಇಲ್ಲ. ಮುಂದಿನ ಮೇಗೆ ಮತ್ತೆ ಬಂದಳು, ಜೊತೆಗೆ ಎಂಟು ತಿಂಗಳ ವಾಲ್ದೆಮಾರ್. ಮಧ್ಯ ಹೊಟ್ಟೆ ಹೊತ್ಕೊಂಡು ಎಲ್ಲಿ ಹೋದ್ಲು? ಭೂಮಿ ನುಂಗ್ತಾ? ಜೈಲು ನೋಡ್ದೆ, ಆಸ್ಪತ್ರೆ ನೋಡ್ದೆ, ಹೆಸರು ಕೇಳ್ದೇ ಹೆರಿಗೆ ಮಾಡ್ಸೋ ಮನೆ ಇತ್ತಲ್ಲ, ಅದನ್ನೂ ನೋಡ್ದೆ. ಇಲ್ಲ.

ಅಜ್ಜಿ ಆಗ ಹಾಸಿಗೆ ಹಿಡಿದಿದ್ಲು. ಜನವರಿ. ಒಂದಿನ ಅಂದ್ಲು, "ಅಪ್ಪ ಒಂದು ಮಾತು ಹೇಳ್ತಿದ್ದ ಕಣೋ. ನಮ್ಮಮ್ಮ ಬೀದಿ ದಾಟಿ ನನ್ನ ಹೆತ್ಲು ಅಂತ."

...ನಿಂಗೂ ಹೇಳಿದ್ನಾ? ನಿಂಗೂ?... ಹೌದು. ಇಬ್ರಿಗೂ ಹೇಳಿರ್ತಾನೆ.

ನಾನೇನಂದೆ ಗೊತ್ತಾ? "ಬೀದಿ ದಾಟ್ತಾ ದಾಟ್ತಾ ಹೆತ್ಲಾ? ಕುದುರೆ ಗಾಡಿಯೋನು ದಾರಿ ಬಿಟ್ನಾ ಅಜ್ಜಿ?" ಅಂದೆ. ಕಿವೀಗೆ ಹೆಡ್‌ಫೋನ್ ಹಾಕ್ಕೊಂಡು ಮತ್ತೆ ಕಂಪ್ಯೂಟರ್ ನೋಡ್ದೆ. ಅವಳು ನಕ್ಕಳು. ಅವಳು ಯಾವಾಗ್ಲೂ ನಗ್ತಿದ್ಲು ಚಿಕ್ಕಜ್ಜಿ, ಅದೇ ಅವಳ ತೊಂದ್ರೆ. ಬೈದಿದ್ರೆ ನಾನು ತಿರುಗಿ ಕೇಳ್ತಿದ್ದೆ. ಏನಂದೆ? ಯಾವ ಬೀದಿ? ಅಂತ ಕೇಳ್ತಿದ್ದೆ.

ಫೆಬ್ರವರೀಲಿ ಹೋದ್ಲು. ಮಂಗಳವಾರ, ನಾಲ್ಕು ಗಂಟೆ ಸುಮಾರಿಗೆ. ನಾನು ಪಕ್ಕದ ರೂಮಲ್ಲಿ ಹದಿನೇಳನೇ ಚರ್ಚಿನ ಪುಸ್ತಕ ನೋಡ್ತಿದ್ದೆ. ಕಾಫಿ ಟೈಮಾಯ್ತಲ್ಲ, ಯಾಕೆ ಕೇಳ್ಲಿಲ್ಲ ಅಂತ ಅನಿಸ್ತು. ಎದ್ದು ಹೋದೆ. ಕೇಳೋಕೇ ಅಂತ ಬಾಯಿ ತೆಗೆದ ಹಾಗಿತ್ತು.

...ನಿಧಾನ, ಇಲ್ಲಿ ಕಲ್ಲು ಎದ್ದಿದೆ.

ಸಿಕ್ಕಿತು. ಹೂಂ, ಸಿಕ್ಕಿತು ಚಿಕ್ಕಜ್ಜಿ! ಅದನ್ನೇ ಹೇಳೋಕೆ ಅಲ್ವಾ ನಾನು ಇಷ್ಟು ಬಾಯಿ ಬಡ್ಕೋತಿರೋದು. ಏಪ್ರಿಲಲ್ಲಿ. ಮನೇಲಿ ಕೂರೋಕಾಗ್ತಿರ್ಲಿಲ್ಲ. ನಾಲ್ಕು ಗಂಟೆ ಆಯ್ತು ಅಂದ್ರೆ ಅಡುಗೆಮನೆಯಿಂದ... ಬಿಡು. ಕೇಳ್ಸುತ್ತೆ ಅಂದ್ರೆ ನೀನು ನನ್ನನ್ನೂ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯ. ಟ್ಯಾಪು ತೊಟ್ಟಿಕ್ಕಿದ್ರೂ ಅದೇ ಕೇಳ್ಸುತ್ತೆ, ಕೆಟಲ್ ಕುದಿದ್ರೂ ಅದೇ ಕೇಳ್ಸುತ್ತೆ. ಅದಕ್ಕೇ ದಿನಾ ಮೂರೂವರೆಗೇ ಶೂ ಹಾಕ್ಕೊಂಡು ಹೊರಗೆ ಬೀಳ್ತಿದ್ದೆ. ಮಾಲ್ವಿನೆಯ ಹನ್ನೊಂದು ಮನೇಗೂ ಹೋದೆ, ಹಾಳೇಲಿರೋ ಕ್ರಮದಲ್ಲೇ. ಒಂದು ಕಡೆ ಕಬಾಬ್ ಅಂಗಡಿ, ಒಂದು ಕಡೆ ಕಟ್ಟಡಾನೇ ಇಲ್ಲ, ಮಕ್ಕಳಾಡೋ ಉಯ್ಯಾಲೆ. ಒಂದು ಕಡೆ ಹಿಂದಿನ ಕಟ್ಟಡದ ನಾಲ್ಕನೇ ಮಹಡಿ, ಎಡಗಡೆ ಬಾಗಿಲು, ಹಾಗೇ ಇತ್ತು. ಬೆಲ್ ಒತ್ತಿಬಿಟ್ಟೆ! ಸೊಮಾಲಿಯಾದ ಒಬ್ಬಾಕೆ ತೆಗೆದ್ಲು, ನಿನ್ನ ವಯಸ್ಸೇ ಇರ್ಬೇಕು. ನಮ್ಮ ಮುತ್ತಾತನ ಅಮ್ಮ ಇಲ್ಲಿದ್ಲು ಅಂದೆ. ಅಷ್ಟಕ್ಕೇ ಒಳಗೆ ಕರೆದು ಏಲಕ್ಕಿ ಟೀ ಕೊಟ್ಲು. ಅವಳ ಅಜ್ಜಿನ ಮರಳಲ್ಲಿ ಮಣ್ಣು ಮಾಡಿ ಓಡಿ ಬಂದ್ರಂತೆ. ಎಲ್ಲಿ ಅಂತ ಈಗ ಯಾರಿಗೂ ಗೊತ್ತಿಲ್ವಂತೆ. "ನಿಂಗೆ ನಿಮ್ಮಜ್ಜಿ ಎಲ್ಲಿದಾಳೆ ಅಂತ ಗೊತ್ತಲ್ಲ, ಪುಣ್ಯವಂತ ನೀನು" ಅಂದ್ಲು.

ಹೂಂ ಅಂದೆ. ಟೀ ಕುಡ್ದೆ. ಇನ್ನೊಂದು ಲೋಟ ಕೊಟ್ಲು, ಅದನ್ನೂ ಕುಡ್ದೆ.

ಏನಿಲ್ಲ. ಸುಮ್ನೆ ಹೇಳ್ದೆ.

ಆಮೇಲೆ ಏಳನೇ ಮನೆ. ಆ ತೊಂಬತ್ತೆಂಟರ ಮೇ ತಿಂಗಳ ಮನೆ. ಬಾಗಿಲ ಮುಂದೆ ನಿಂತ್ಕೊಂಡೆ. ಹಿಂದೆ ತಿರುಗಿ ಬೀದಿ ನೋಡ್ದೆ. ಸಣ್ಣ ಬೀದಿ ಚಿಕ್ಕಜ್ಜಿ, ಇಪ್ಪತ್ತು ಹೆಜ್ಜೆ ಅಗಲ. ಈ ಕಡೆ ಕಸದ ಡಬ್ಬಿ ಮೇಲೆ ಕೋಪನ್‌ಹೇಗನ್ ಮುದ್ರೆ. ಆ ಕಡೆ ಕಸದ ಡಬ್ಬಿ ಮೇಲೆ... ಬೇರೆ ಮುದ್ರೆ. ಹಕ್ಕಿ ಗುರುತು.

ಫ್ರೆಡೆರಿಕ್ಸ್‌ಬೆರ್ಗ್! ಹೌದು! ಕೋಪನ್‌ಹೇಗನ್ ಹೊಟ್ಟೆಯೊಳಗೇ ಕೂತಿರೋ ಬೇರೆ ಊರು. ಬೇರೆ ಮುನಿಸಿಪಾಲಿಟಿ, ಬೇರೆ ಚರ್ಚು, ಬೇರೆ ಪುಸ್ತಕ. ಕೋಪನ್‌ಹೇಗನ್ ಪೊಲೀಸರಿಗೆ ಆ ಬದಿ ಅಂದ್ರೆ ಪರದೇಶ. ಬೀದಿ ದಾಟಿದ್ಲು, ಹಾಳೆಯಿಂದ ಮಾಯ! ಅಷ್ಟೇ! ನಾನು ಇಲ್ಲಿ ಹುಟ್ಟಿ ಬೆಳೆದೋನು, ದಿನಾ ಸೈಕಲ್‌ನಲ್ಲಿ ಆ ಗಡಿ ದಾಟೋನು, ಗಡಿ ಇದೆ ಅಂತಾನೇ ಮರ್ತಿದ್ದೆ. ಇಲ್ಲಿ ಯಾರು ನೆನಪಿಟ್ಕೋತಾರೆ? ಹೊರಗಿನೋರು ಯಾರಾದ್ರೂ ಹುಡುಕಿದ್ರೆ ಮೊದಲ ದಿನಾನೇ ನಕ್ಷೆ ನೋಡಿರೋರು. ಮನೆಗೆ ಓಡಿದೆ, ಆ ಊರಿನ ಚರ್ಚಿನ ಪುಸ್ತಕ ತೆಗೆದೆ. ಹತ್ತು ನಿಮಿಷ! ಐದು ತಿಂಗಳು ಹುಡುಕಿದ್ದಕ್ಕೆ ಹತ್ತು ನಿಮಿಷ. ವಾಲ್ದೆಮಾರ್. ತಾಯಿ ಮಾಲ್ವಿನೆ ಬ್ರಾಸ್ಕ್. ಹೆರಿಗೆ ಆಗಿದ್ದು ಎದುರು ಬದಿಯ ಸೂಲಗಿತ್ತಿ ಮನೇಲಿ. ಸಾಕ್ಷಿಗೆ ನಿಂತೋರು ಆ ಸೂಲಗಿತ್ತಿ, ಒಬ್ಬ ಗಾಡಿ ಹೊಡೆಯೋನು.

ನಿಮ್ಮಪ್ಪ ಆಯಸ್ಸೆಲ್ಲಾ ಕೋಪನ್‌ಹೇಗನ್ ಅಂತ ದಪ್ಪಕ್ಷರದಲ್ಲಿ ಬರೆದ. ಅವನು ಕೋಪನ್‌ಹೇಗನ್‌ನಲ್ಲಿ ಹುಟ್ಟೇ ಇರ್ಲಿಲ್ಲ.

ನಾನು ಜೋರಾಗಿ ಕೂಗ್ದೆ, ಅಡುಗೆಮನೆ ಕಡೆ ತಿರುಗಿ. ಅಜ್ಜಿ, ಸಿಕ್ತು! ಅಂತ. ಕೂಗ್ದ ಮೇಲೆ ನೆನಪಾಯ್ತು.

...ಬಂತು. ಇದೇ ಬರ್ಚ್ ಮರ. ಎಲೆ ಉದುರಿದೆ, ಬೇಸಿಗೇಲಿ ಚೆನ್ನಾಗಿರುತ್ತೆ.

ಕಲ್ಲು?... ಕಲ್ಲು ಇನ್ನೂ ಬಂದಿಲ್ಲ. ಆರ್ಡರ್ ಕೊಟ್ಟಿದೀನಿ, ಬೂದು ಬಣ್ಣದ್ದು, ಸಣ್ಣದು. ಕಲ್ಲಿನೋರು ಈಗ ಬಿಜಿ, ಚಳಿಗಾಲದಲ್ಲಿ ಜನ ಜಾಸ್ತಿ... ಅಲ್ಲ, ಹೊದಿಸಿಲ್ಲ, ಇಲ್ಲಿಗಿನ್ನೂ ತೋಟದೋರು ಬಂದಿಲ್ಲ. ಬರ್ತಾರೆ. ಆ ಕಡೆಯಿಂದ ಶುರು ಮಾಡ್ಕೊಂಡು...

ಯಾಕೆ ಹಾಗೆ ನೋಡ್ತೀಯ?

ಹುಲ್ಲೇ ಇರೋದು. ಹೂಂ. ಹುಲ್ಲುಹಾಸು. ಅಂಚಲ್ಲಿ ಆ ದೊಡ್ಡ ಕಲ್ಲಿದೆ ನೋಡು, ಹೂವು ಅಲ್ಲಿಡ್ಬೇಕು, ಎಲ್ಲರೂ ಅಲ್ಲೇ ಇಡೋದು. ಕುಂಡ ಕೊಡು, ಇಟ್ಟು ಬರ್ತೀನಿ. ಕೊಡು. ಚಿಕ್ಕಜ್ಜಿ, ಕೊಡು ಅಂದೆ.

ಏನಾದ್ರೂ ಅನ್ನು. ಟ್ಯಾಕ್ಸೀಲಿ ಅಷ್ಟು ಮಾತಾಡ್ದೆ, ಈಗ ಅನ್ನು.

ಬೈಯಿ. ಬೈಯಿ ಚಿಕ್ಕಜ್ಜಿ.

...ಅಜ್ಜಿ ಹೋದ್ಮೇಲೆ ನಂಗೆ ತುಂಬೋಕೆ ಕೊಟ್ಟ ಫಾರಂ ಮೇಲೆ ಎರಡು ಚೌಕ ಇತ್ತು. ಒಂದು, ಗೋರಿ. ಇನ್ನೊಂದು, ಹೆಸರಿಲ್ಲದೋರ ಹುಲ್ಲುಹಾಸು. ಊರಲ್ಲಿ ಅರ್ಧ ಜನ ಅದೇ ಮಾಡ್ತಾರೆ, ಏನೋ ಅವಮಾನ ಮಾಡ್ದ ಹಾಗಲ್ಲ! ಬೂದಿ ಕುಡಿಕೆ ತಗೊಂಡು ಹೋಗಿ ಅವರೇ ಒಳಗಿಡ್ತಾರೆ, ಮೇಲೆ ಹುಲ್ಲು ಮುಚ್ತಾರೆ. ಯಾವತ್ತು ಅಂತ ಹೇಳಲ್ಲ. ಎಲ್ಲಿ ಅಂತ ಹೇಳಲ್ಲ. ನೋಡೋಕೆ ಬಿಡಲ್ಲ. ಅದೇ ನಿಯಮ. ಆಮೇಲೆ ತೆಗೆದು ಬೇರೆ ಕಡೆ ಇಡೋಕೂ ಬರಲ್ಲ. ಅದೂ ಕೇಳ್ದೆ. ಏಪ್ರಿಲಲ್ಲಿ ಓಡಿ ಹೋಗಿ ಕೇಳ್ದೆ. ಕುಡಿಕೆ ಇಟ್ಟು ಹನ್ನೊಂದು ದಿನ ಆಗಿತ್ತು. ಹನ್ನೊಂದೇ ದಿನ. ಆಫೀಸಿನ ಹೆಂಗಸು ನಂಗೆ ಟಿಶ್ಯೂ ಪೇಪರ್ ಕೊಟ್ಲು.

ಬರ್ಚ್ ಮರ ಇದೆ. ಅದು ಸುಳ್ಳಲ್ಲ. ಅದರ ಕೆಳಗೆ ಅವಳಿದಾಳಾ, ಆ ಬೇಲಿ ಹತ್ರ ಇದಾಳಾ, ಮಧ್ಯದಲ್ಲಾ... ನಂಗೊತ್ತಿಲ್ಲ. ನಂಬರ್ ಇಲ್ಲ ಚಿಕ್ಕಜ್ಜಿ. ನಿನ್ನ ಕಾಗದದಲ್ಲಿ ಬರೆಯೋಕೆ ನಂಬರ್ ಇಲ್ಲ. ಪಕ್ಕ ಅಂತಾನೇ ಇಲ್ಲ.

ನೂರಿಪ್ಪತ್ತೇಳು ವರ್ಷದ ಹಿಂದೆ ಮನೆಗೆಲಸ ಮಾಡ್ತಿದ್ದೋಳು ಯಾವ ಮಹಡಿ, ಯಾವ ಬಾಗಿಲು ಅಂತ ಹೇಳ್ತೀನಿ ನಾನು. ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿದೋಳು ಎಲ್ಲಿ ಅಂತ ಹೇಳೋಕಾಗಲ್ಲ.

ಯಾಕೆ ಅಂತ ಕೇಳು. ನೀನು ಕೇಳ್ದೇ ಇದ್ರೂ ಹೇಳ್ತೀನಿ. ಎಲ್ಲರಿಗೂ ಹೇಳಿದ್ದು, ಯಾವ ಚರ್ಚು ಅಂತ ಗೊತ್ತಾಗಿರ್ಲಿಲ್ಲ, ಅದಕ್ಕೆ ಅಂತ. ಅಪ್ಪನಿಗೆ ಹೇಳಿದ್ದು, ಗಿಡ ಸಾಕೋಕೆ ಯಾರಿದಾರೆ, ಅದಕ್ಕೆ ಅಂತ. ಅದ್ಯಾವುದೂ ಅಲ್ಲ. ಪೆನ್ನು ಕೈಲಿತ್ತು, ಗೋರಿ ಅನ್ನೋ ಚೌಕದ ಮೇಲೇ ಇತ್ತು. ಆಗ ಅನಿಸ್ತು, ಗೋರಿ ಅಂತ ಒಂದಿದ್ರೆ ನಾನು ಅಲ್ಲಿಗೆ ಬರ್ಬೇಕು. ಬಂದು ನಿಲ್ಬೇಕು. ನಿಂತ್ರೆ ಅವಳು ಕೇಳ್ತಾಳೆ. ನಾನು ಇಲ್ಲ ಅಜ್ಜಿ ಅನ್ಬೇಕು. ಅವಳು ಸರಿ ಅಂತಾಳೆ. ಆಯಸ್ಸಿಡೀ ಅವಳು ಸರಿ ಅಂತಾನೇ ಇರ್ತಾಳೆ... ಎಲ್ಲಿದಾಳೆ ಅಂತಾನೇ ಗೊತ್ತಿಲ್ದಿದ್ರೆ, ಎಲ್ಲಿಂದ ಕೇಳ್ತಾಳೆ? ಅಂದ್ಕೊಂಡೆ. ಪೆನ್ನು ಸರಿಸಿದೆ. ಒಂದು ಬೆರಳಗಲ. ಅಷ್ಟೇ ದೂರ.

ಈಗ ಎಲ್ಲಾ ಕಡೆಯಿಂದ ಕೇಳ್ತಾಳೆ.

ಚಿಕ್ಕಜ್ಜಿ? ಎಲ್ಲಿಗೆ? ಶೂ... ಶೂ ಯಾಕೆ ಬಿಚ್ತಿದ್ದೀಯ? ಬಗ್ಗಬೇಡ, ಸೊಂಟ! ನಾನು ಬಿಚ್ತೀನಿ, ಇರು. ಕಾಲುಚೀಲಾನೂನಾ? ನೆಲ ಒದ್ದೆ ಇದೆ, ಐಸ್ ತರ ಇದೆ, ನಿನ್ನ ಕಾಲು ಮೊದ್ಲೇ...

...ಓ.

ಹಿಡ್ಕೋ ನನ್ನ. ಬೇಡ್ವಾ? ಸರಿ. ಕುಂಡ? ಅದೂ ನಿನ್ನ ಹತ್ರಾನೇ ಇರ್ಲಿ.

ನಿಧಾನ. ತೋಟದೋಳು ನೋಡ್ತಿದಾಳೆ... ನೋಡ್ಲಿ ಬಿಡು. ಎದ್ದು ನಿಂತ್ಲು. ಏನೂ ಅಂತಿಲ್ಲ, ಟೋಪಿ ತೆಗೆದ್ಲು.

ಅಲ್ಲಿದಾಳಾ?... ಅಲ್ಲಿಲ್ವಾ. ಇನ್ನೂ ಎಡಕ್ಕಾ?... ಬೇಲಿ ಕಡೆ ಹೋಗ್ತೀಯಾ? ಹೋಗು. ಪೂರ್ತಿ ನಡಿ. ಮೂರು ಗಂಟೆ ಆದ್ರೂ ಆಗ್ಲಿ, ಆಫೀಸು ಮುಚ್ಲಿ, ರೈಲು ಹೋಗ್ಲಿ. ನಾನು ಇಲ್ಲೇ ಇರ್ತೀನಿ, ನಿನ್ನ ಶೂ ಹಿಡ್ಕೊಂಡು. ಬಾಯಿ ಮುಚ್ಕೊಂಡು.

...

ಯಾಕೆ ನಿಂತೆ?

ಚಿಕ್ಕಜ್ಜಿ?

ಸಿಕ್ತಾ?